ಕರೇ ಮನಿ, ಬಿಳೇ ಮನಿ

ಟಿಕೀಟು ಹತ್ತು ರೂಪಾಯಿ. ಶಾಲಿ ಹುಡುಗರಿಗೆ ಪುಕ್ಕಟೆ.
ಚಪ್ಪಲಿ ಹೊರಗ ಬಿಡಬೇಕಂತ ಎಲ್ಲೂ ಬರದಿಲ್ಲ,
ಆದರೂ ಅರ್ಧಾ ಮಂದಿ ಬಿಟ್ಟು ಬರತಾರ,
ಗುಡಿಯೋ ದವಾಖಾನಿಯೋ ತಿಳೀದ.

ಇದು ಹಿಂದ ಎರಡನೇ ನಂಬರ ವಾರ್ಡು.
ಬೆಳಗಾವಿ ಕ್ಯಾಂಪಿನ ಕೆಂಪುಕಲ್ಲಿನ ಗ್ವಾಡಿ, ಆಳೆತ್ತರದ ಕಿಟಕಿ.
ಸರಳು ಈಗೂ ಅವ.
ಬಣ್ಣ ಹೊಡದಮ್ಯಾಗ ಚಂದ ಕಾಣತಾವ,
ಮಂದಿ ಅವನ್ನ ಹಿಡಕೊಂಡು ಫೋಟೋ ತಗಸ್ಕೋತಾರ.
ಬ್ಯಾಡ ಅನ್ನೂದು ನನ್ನ ಕೆಲಸ ಅಲ್ಲ.
ನನ್ನ ಕೆಲಸ, ಮುಟ್ಟಬ್ಯಾಡ್ರಿ ಅನ್ನೂದು.

ಈ ಸಲದ ಪ್ರದರ್ಶನದಾಗ ಇಪ್ಪತ್ತಮೂರು ಹಾಳಿ.
ಔಷಧದ ಪಟ್ಟಿ, ಗಂಜಿ ಲೆಕ್ಕದ ಕಾಗದ, ಅವುಗಳ ಬೆನ್ನಿಗೆ
ಸೀಸಪೆನ್ಸಿಲಿನ ಚೌಕ, ಚೌಕಕ್ಕ ಹತ್ತಿ ಚೌಕ,
ಕೆಲವು ಕರ್ರಗ ತುಂಬಿದ್ದು, ಕೆಲವು ಖಾಲಿ.
ಕೆಳಗ ಮೂರು ಭಾಷಾದಾಗ ಚೀಟಿ:
ಅನಾಮಧೇಯ ರೋಗಿ. ಅರ್ಥವಿಲ್ಲದ ಪುನರಾವರ್ತನೆ.
ಪುಣೆಯಿಂದ ಬಂದಿದ್ದ ಮೇಡಮ್ಮೋರು
'ಅರ್ಥವಿಲ್ಲದ' ಹೊಡದು ಹಾಕಿ
'ಅಮೂರ್ತ' ಅಂತ ಬರಸಿ ಹೋದರು.

ಮೂರು ತಿಂಗಳು ಅವುಗಳ ಎದುರಿಗೆ ಕುಂತೀನಿ, ಪ್ಲಾಸ್ಟಿಕ್ ಕುರ್ಚಿಮ್ಯಾಗ.
ಮಧ್ಯಾಹ್ನ ಜೋಂಪು ಹತ್ತಿದಾಗ
ಚೌಕ ಹರದಾಡತಿದ್ದುವು, ಇರಿವಿ ಸಾಲಿನ ಹಂಗ.
ದೂರದಾಗ ಮಿಲ್ಟ್ರಿ ಬ್ಯಾಂಡು ಒಂದಽ ಸಾಲು ಕಲೀತಿತ್ತು,
ತಪ್ಪಿದಲ್ಲೇ ತಪ್ಪತಿತ್ತು.

ಮಂಗಳವಾರ ಬನಶಂಕ್ರವ್ವ ಬಂದಳು.
ಗುಳೇದಗುಡ್ಡದಿಂದ ನಸುಕಿನ ಬಸ್ಸು ಹಿಡದು
ಮೊಮ್ಮಗಳ ಕಾಲೇಜಿನ ಕಾಗದಕ್ಕ ಹೆಬ್ಬಟ್ಟು ಒತ್ತಾಕ ಬಂದಾಕಿ.
ಸಾಹೇಬರು ಊಟಕ್ಕ ಹೋಗಿದ್ದರಂತ
ನೆಳ್ಳಿಗೆ ಒಳಗ ಬಂದಳು, ಚಪ್ಪಲಿ ಬಿಟ್ಟು.
ಒಂದನೇ ಹಾಳಿ ಮುಂದ ನಿಂತು ಕುತ್ತಿಗಿ ವಾರಿ ಮಾಡಿದಳು.
ಮತ್ತೂ ವಾರಿ ಮಾಡಿದಳು.
'ತಮ್ಮಾ, ಇದನ್ನ ತಲಿಕೆಳಗ ತೂಗಹಾಕೀರಿ.'

ನಕ್ಕೆ. ಇದಕ್ಕ ತಲಿ ಎಲ್ಲೈತಿ?
ಆಕಿ ನಗಲಿಲ್ಲ. ಬಟ್ಟು ಗಾಜಿನಿಂದ ಗೇಣು ದೂರ ಹಿಡದು
ಓದಾಕ ಹತ್ತಿದಳು, ಬಲದಿಂದ ಎಡಕ್ಕ:
ಕರೇ ಮನಿ, ಎಳಿ ಎತ್ತು.
ಬಿಳೇ ಮನಿ, ಬಿಡು. ಬಿಡು.
ಕರೇ ಮನಿ, ಎತ್ತು.
ಬರಿಗಾಲು ಫರಸಿಮ್ಯಾಗ ತುಳೀತಿತ್ತು
ಅಲ್ಲಿ ಇಲ್ಲದ ಮಗ್ಗಾ.
'ಖಣದ ನಕ್ಷಾ ಇದು, ಆನಿಹೆಜ್ಜಿ.
ಆ ಕಡೀ ಹಾಳ್ಯಾಗ ಅಂಚು ತಿರುವ್ಯಾನ ನೋಡು,
ಹಂಗ ನಾವು ಯಾರೂ ತಿರುವಂಗಿಲ್ಲ.
ತ್ರಾಸ ಐತಿ.
ಆದರ ನೇಯಬಹುದು.'

'ಯಾರಿಂವಾ?' ಅಂದಳು.
ಚೀಟಿ ತೋರಿಸಿದೆ.
ಓದಾಕ ಬರಂಗಿಲ್ಲೋ ತಮ್ಮಾ, ಅಂದಳು.

ಸಂಜೀಕೆ ಬಾಗಲಾ ಹಾಕಿ ವಾರ್ಡಿನ ಹಳೇ ದಪ್ತರ ತಗದೆ.
ಗಾಜಿನ ಪೆಟಿಗಿ ಕೀಲಿ ನನ್ನ ಕಡೇನ ಇರತೈತಿ.
ಊರು ಗುಳೇದಗುಡ್ಡ. ಉದ್ಯೋಗ ನೇಕಾರಿಕೆ.
ಹೆಸರು ಹುಚ್ಚಪ್ಪ. ರೋಗ ಹುಚ್ಚು.
ಹೆಸರಿನ ಸುತ್ತ ಪೆನ್ಸಿಲಿನ ಗುಂಡು, ಬಾಜೂಕ
ನಮ್ಮ ಕ್ಯುರೇಟರರ ಚಂದನೆಯ ಅಕ್ಷರ:
'ಅವಮಾನಕರ ಪದ. ಕೈಬಿಡುವುದು.'

ಒಳ್ಳೇ ಮನಸಿಲೆ ಬಿಟ್ಟಾರ, ಇತ್ತಲಾಗಿನವರಲ್ಲ ಅವರು.
ಕಮತಗಿ ಹುಚ್ಚೇಶ್ವರಗ ಹರಕಿ ಹೊತ್ತು
ಹಡದ ಮಗಗ ತಾಯಿ ಇಟ್ಟ ಹೆಸರು ಅಂತ
ಯಾರು ಹೇಳಬೇಕು ಅವರಿಗೆ?
ನನ್ನ ಸ್ವಾದರಮಾವನ ಹೆಸರೂ ಹುಚ್ಚಪ್ಪ.
ಬ್ಯಾಂಕಿನ್ಯಾಗ ಕ್ಯಾಶಿಯರ ಇದ್ದ, ಒಂದು ಪೈಸಾ ತಪ್ಪಿದಾಂವ ಅಲ್ಲ.

ಬಿಡುಗಡಿ ಕಾಲಮ್ಮು ಖಾಲಿ.
ಮನಿಗೆ ಕರಕೊಂಡು ಹೋದವರ ಸಹಿ, ಖಾಲಿ.
ಬಿಳೇ ಮನಿ. ಬಿಳೇ ಮನಿ.

ಹಾಳಿ ತಿರುವಾಕ ಅರ್ಜಿ ಕೊಡಬೇಕಂತ, ಕಮಿಟಿ ಕೂಡಬೇಕಂತ.
ಕೊಟ್ಟೀನಿ.
ಆದರ ಒಂದನೇ ಹಾಳಿ ಮೊಳಿ ಮೊದಲಽ ಸಡಲಿತ್ತು,
ರಾತ್ರಿ ಕಂದೀಲಿನಷ್ಟಽ ಬೆಳಕಿನ್ಯಾಗ
ಮುಟ್ಟಬ್ಯಾಡ್ರಿ ಅನ್ನೂ ಮನಿಷ್ಯಾ ನಾ
ಮುಟ್ಟಿದೆ.

ಬುಧವಾರ ಅರವತ್ತೊಂದು ಟಿಕೀಟು ಹರದೆ.
ಯಾರಿಗೂ ಗುರ್ತಾ ಸಿಗಲಿಲ್ಲ.
ಚೀಟಿ ಹಂಗಽ ಐತಿ ಇನ್ನೂ, ಅನಾಮಧೇಯ ಅಂತ.
ಯಾರು ಬರದದ್ದು ಇದು ಅಂತ ಕೇಳಿದವರಿಗೆ
ಕುರ್ಚಿಯಿಂದ ಎದ್ದು ನಿಂತು ಹೇಳತೀನಿ:
ಹುಚ್ಚಪ್ಪ.
ಛೇ, ಹಂಗ ಅನ್ನಬಾರದು ಅಂತಾರ ಕೆಲವರು.