ಭೋಸರಿ ಖೋಲಿಯೊಳಗ ಮೊದಲನೇ ಪಾಠ

ಪಾಠ ಅವಂದು, ವಹಿ ನನ್ನ ಕೈಯಾಗ.
ಟಾಯರ್ ಅಂಗಡಿ ಮ್ಯಾಲಿನ ಕ್ಲಾಸಿನಿಂದ
ರಾತ್ರಿ ಒಂಬತ್ತಕ್ಕ ಬರ್ತಾನ ರೇವಣ,
ಬೂಟು ಬಿಚ್ಚೂದರೊಳಗ ಅರ್ಧ ಮರತಿರ್ತಾನ.
ತವಿ ಮ್ಯಾಲ ರೊಟ್ಟಿ ಹೊರಳಿಸ್ಕೋತ ಕೇಳ್ತೀನಿ:
ಕಾಕೊ ತಿ ಯೆ ಇಮೆ?
ನಿನ್ನ ಹೆಸರೇನು?
ಹನ್ನೊಂದು ವರ್ಷದ ಗಂಡಗ ಹೆಸರು ಕೇಳೂದು!
ಬಾಜೂ ಖೋಲಿಯ ಲಾತೂರಾಕಿ
ಗ್ವಾಡಿಗೆ ಕಿವಿ ಹಚ್ಚಿರಬೇಕು.

ಸ್ಲೊವೇನಿಯಾದಾಗ ಲಾರಿ ಅದಾವಂತ,
ನಡಸವರ ಇಲ್ಲಂತ.
ಚಾಕಣದಿಂದ ನ್ಹಾವಾಶೇವಾಕ್ಕ ಕಂಟೇನರ್ ಎಳ್ಯಾವಗ
ಆ ರಸ್ತೆ ಏನ್ ದೊಡ್ಡದಲ್ಲ.
ಆದ್ರ ಸ್ಟೇರಿಂಗ್ ಮುಟ್ಟೂಕಿಂತ ಮೊದಲ
ತಾ ಯಾರು ಅಂತ ಹೇಳಬೇಕು.

ಯಾಸ್ ಸೆಮ್ ರೇವಣಸಿದ್ಧ.
‘ಸೆಮ್’ ಯಾಕ ಬೇಕು, ಅಂತಾನ.
ಖರೇನ. ನಮ್ಮೊಳಗ ‘ನಾ’ ಅಂದು ಹೆಸರು ಹೇಳಿದ್ರ ಮುಗೀತು,
ನಡುವ ಹಲ್ಲಿನ ಸಂದಿಯಷ್ಟು ಜಾಗ, ಅಷ್ಟ.
ಅವರಿಗೆ ಆ ಸಂದಿಯೊಳಗ
‘ಇದ್ದೀನಿ’ ಅಂತ ಒಂದು ಮೊಳಿ ಬೇಕು.
ಅಂವ ದಿನಾ ಮೊಳಿ ಬಿಟ್ಟ ಹೋಗ್ತಾನ,
ನಾ ದಿನಾ ವಾಪಸ್ ಕರೀತೀನಿ.

ವಯಸ್ಸು: ಪೆತ್-ಇನ್-ತ್ರಿದೆಸೆತ್,
ಐದು ಮತ್ತ ಮೂವತ್ತು,
ಮರಾಠಿ ಪಸ್ತೀಸಿನಂಗ ಬಾಲ ಮುಂದ.
ಬಸ್ಸಿನ್ಯಾಗ ಒಂದಿನ ಬಾಯಿತಪ್ಪಿ
ಕಂಡಕ್ಟರಗ ‘ಪ್ರೋಸಿಮ್’ ಅಂದೆ.
ಅಂವ ಚಿಲ್ಲರ ಕೇಳಿದ.

ಇನ್ನೊಂದು ರೀತಿನೂ ಅದ. ಇಮೆ ಮಿ ಯೆ:
ಹೆಸರು ನನಗ ಅದ.
ಇದು ಅಂವಗ ಲಗೂನ ತಲಿಗೆ ಹತ್ತಿತು.
ನನಗ ಹಸಿವಿ, ನನಗ ಜ್ವರ,
ನನಗ ನಿನ್ನ ಮ್ಯಾಲ ಸಿಟ್ಟು,
ಹಂಗ ನನಗ ಹೆಸರು.
ಎಲ್ಲಿಂದಲೋ ಬಂದು ಮೈಗೆ ಹತ್ತಿದ್ದು.

ನನಗ ಎರಡು ಹತ್ಯಾವ.
ಅಪ್ಪ ಇಟ್ಟಿದ್ದು ಬೋರಮ್ಮ, ಮುತ್ಯಾನ ಅವ್ವಂದು.
ಲಗ್ನದ ದಿನ ತಾಟಿನ ಅಕ್ಕಿಯೊಳಗ
ಉಂಗುರ ಹಿಡದು ಅಂವ ಬರದ: ಸ್ನೇಹಲ್.
ಅತ್ತಿಗೆ ಟೀವಿಯೊಳಗಿನ ಹೆಸರು ಬೇಕಾಗಿತ್ತು.
ಆ ಅಕ್ಕಿ ಅವತ್ತ ಬೇಯಿಸಿ ಉಂಡ್ರು, ಹೆಸರು ಉಳೀತು.
ಕೆಂಪು, ಹಸರು, ಹಳದಿ ವೈರ್ ಜೋಡಿಸೂ ಕಂಪನಿಯೊಳಗ
ಪಂಚಿಂಗ್ ಕಾರ್ಡಿಗೂ ನಾ ಸ್ನೇಹಲ್ ಬಿರಾಜದಾರ.
‘ಬೋರಿ’ ಅನ್ನಾಕಿ ಅಕ್ಕಲಕೋಟದ ನಮ್ಮವ್ವ ಒಬ್ಬಾಕಿ,
ಅದೂ ಫೋನಿಗೆ ರೇಂಜ್ ಇದ್ದಾಗ.

ಮೂರನೇ ವಾರ ಘೋರ್ಪಡೆ ಮಾಸ್ತರ ಹೇಳಿದ್ರಂತ:
ಅಲ್ಲಿ ಒಬ್ಬಗ ಒಂದು ಮಾತು, ಮಂದಿಗೆ ಒಂದು,
ನಡುವ ಇಬ್ಬರಿಗೇ ಅಂತ ಬ್ಯಾರೇನ ಒಂದು.
ಮೀದ್ವಾ ಸ್ವಾ. ನಾವಿಬ್ರು ಇದ್ದೀವಿ.
‘ಅದು ಮುಲಾಖತ್ತಿಗೆ ಬರೂದಿಲ್ಲ, ಬಿಡು’ ಅಂದ ರೇವಣ.
ವೀಸಾ ಅರ್ಜಿಯೊಳಗೂ ಬರೂದಿಲ್ಲ, ನಾ ಓದೀನಿ.
ಆದ್ರೂ ವಹಿ ಕಡೀ ಹಾಳಿಯೊಳಗ ಬರಕೊಂಡೆ,
ಹಾಲಿನ ಲೆಕ್ಕದ ಕೆಳಗ.

ಗುರುವಾರ, ಕಂಪನಿ ಸುಟ್ಟಿ.
ಸಕ್ಕರಿ ಡಬ್ಬಿಗೆ ಮೊಬೈಲ್ ಆನಿಸಿದೆ.
ಆ ಕಡೆ ಚಸ್ಮಾದ ಒಬ್ಬ ಹೆಣ್ಣುಮಗಳು,
ಆಕಿ ಕಿಟಕಿಯೊಳಗ ಇನ್ನೂ ಮುಂಜಾನಿ.
ಈ ಕಡೆ ಪತ್ರಾಸಿನ ಕೆಳಗ ಅಂವ ಬೆವತಿದ್ದ.
ಅಂವ ತಡವರಿಸಿದಾಗೆಲ್ಲ
ನಾ ಒಲಿ ಮುಂದ ಕುಂತು ತುಟಿ ಅಲ್ಲಾಡಸ್ತಿದ್ದೆ,
ಸದ್ದಿಲ್ಲದ, ವಹಿ ಇಲ್ಲದ.
ಆಕಿ ನೋಡ್ಯಾಳ. ಕೇಳಿದ್ಳು:
ಇನ್ ಗ್ದೋ ಯೆ ತೋ?
ಮತ್ತ ಇವರ ಯಾರು?

ಇದು ಪಾಠದೊಳಗ ಇರಲಿಲ್ಲ.
ರೇವಣ ನನ್ನ ಕಡೆ ಹೊಳ್ಳಿ ನೋಡಿದ.
ಮೊಣಕೈತನಕ ಜ್ವಾಳದ ಹಿಟ್ಟು ನನಗ.
ಯಾಸ್, ಅಂದೆ.
ಸೆಮ್, ಅಂದೆ, ಮೊಳಿ ಸರಿಯಾಗಿ ಬಡದು.
ಬೋರಮ್ಮ.

ಮೆ ವೆಸೆಲಿ, ಬೊರ್‍ರಮ್ಮ, ಅಂದ್ಳು ಆಕಿ.
ಖುಷಿ ಆಯ್ತು ಅಂತ ಅರ್ಥ.
ಆ ‘ರ’ ಆಕಿ ನಾಲಿಗಿ ಮ್ಯಾಲ
ಸಾಣಿಕಲ್ಲಿನಂಗ ತಿರುಗಿತು.

ಫೋನ್ ಆರಿದ ಮ್ಯಾಲ ಅಂವ ಭಾಳೊತ್ತು ಕುಂತಿದ್ದ,
ನೌಕರಿ ಸಿಕ್ತೋ ಇಲ್ಲೋ ನಾನೂ ಕೇಳಲಿಲ್ಲ.
ತವಿ ಮ್ಯಾಲ ರೊಟ್ಟಿ ಒಂದು ಹೊತ್ತಿತ್ತು.
ಆಮ್ಯಾಲ ನನ್ನ ಮಾರಿ ನೋಡಿ, ಹೊಸಬನಂಗ ನಾಚಿ,
‘ಕಾಕೊ’, ಅಂದ. ‘ತಿ...’
ಮುಂದಿಂದು ಮರತಿದ್ದ.

ನಾ ಹೇಳಿಕೊಡಲಿಲ್ಲ.