ತಟ್ಟೆ ಮರಳುವ ಕಿಟಕಿ

ದೊಂದು ಅಂದರೆ ನಮ್ಮ ಮಾತಿನಲ್ಲಿ ‘ತಿರುಗಿತು’ ಎಂದು.
ಐದನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು,
ಇನ್ನಾದರೂ ದೆಸೆ ತಿರುಗಲಿ ಅಂತ.
ತಿರುಗಲಿಲ್ಲ. ಆರನೆಯದೂ ಹೆಣ್ಣೇ.
ಈಗ ಎಸ್ಕಿಶೆಹಿರಿನ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ
ತಿರುಗಿ ಬರುವ ತಟ್ಟೆಗಳ ಕಿಟಕಿಗೆ
ಅವಳನ್ನೇ ನಿಲ್ಲಿಸಿದ್ದಾರೆ.
ಹೆಸರು ನೋಡಿಯೇ ಕೆಲಸ ಕೊಟ್ಟರು, ಅಂತ ನಗುತ್ತಾಳೆ
ಮೊಣಕೈಯಿಂದ ಮೂಗು ಒರೆಸಿಕೊಳ್ಳುತ್ತ.

ಕಿಟಕಿಯ ಈಚೆ ನಾನು, ತಕ್ಕಡಿ ಇಟ್ಟುಕೊಂಡು.
ಆಹಾರ ವಿಜ್ಞಾನ, ಮೂರನೆಯ ವರ್ಷ,
ಮೂರು ವಾರದ ಪ್ರಾಜೆಕ್ಟು.
ತಟ್ಟೆ ಬರುತ್ತದೆ, ನಾಲ್ಕು ಗುಳಿಯ ಸ್ಟೀಲು:
ಗೋಧಿ ನುಚ್ಚಿನ ಪಿಲಾವಿನಲ್ಲಿ ಚಮಚ ಹೊಕ್ಕು ಹೊರಟ ಗುರುತು;
ಸೆಲರಿ ಗಡ್ಡೆಯ ಪಲ್ಯ, ಮುಟ್ಟಿಯೇ ಇಲ್ಲ;
ಮಸೂರ ಬೇಳೆಯ ಸೂಪಿನ ಮೇಲೆ
ಕಾಗದದ ಕರವಸ್ತ್ರ,
ತಪ್ಪಿಗೆ ಮುಸುಕು ಹೊದಿಸಿದ ಹಾಗೆ.

ಬ್ರೆಡ್ಡನ್ನು ಮಾತ್ರ ಅವಳು ಬೇರೆ ತೆಗೆಯುತ್ತಾಳೆ.
ಕೆಳಗೆ ಬಿದ್ದದ್ದನ್ನು ಎತ್ತಿ, ತುಟಿಗೊತ್ತಿ, ಹಣೆಗೊತ್ತಿ,
ಕಾಲು ತಾಗದ ಎತ್ತರಕ್ಕೆ, ಪೈಪಿನ ಮೇಲೆ ಇಡುತ್ತಾಳೆ.
ಸಂಜೆ ಅದರ ಗಂಟು ಟ್ರಾಮ್ ನಿಲ್ದಾಣದ ನಾಯಿಗಳಿಗೆ.

ಮೊದಲ ದಿನ: ತೊಂಬತ್ತಾರು ಕಿಲೋ.
ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ.
ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆದುಕೊಂಡರು.
ಎರಡನೆಯ ದಿನ: ನೂರಾ ಒಂದು.
ಯಾರೋ ಪಕ್ಕದಲ್ಲಿ ಗೀಚಿದರು: ದಾಖಲೆ ಮುರಿದೆವು!

"ಕಿಲೋ ಯಾರ ಕಣ್ಣಿಗೆ ಕಾಣುತ್ತೆ ಮಗಳೇ," ಅಂದಳು ದೊಂದು,
"ಹೋಗಿ ಸೌಟು ನೋಡು."
ಹೋಗಿ ನೋಡಿದೆ.
ಬಡಿಸುವ ಸಾತಿಲ್ಮಿಶ್ ಮಾವನ ಕೈಯಲ್ಲಿ ಸೌಟು ಒಂದೇ.
ಆರಡಿಯ ಕುಸ್ತಿ ಹುಡುಗನಿಗೂ ಅದೇ,
ಜ್ವರ ಬಿಟ್ಟು ನಿನ್ನೆಯಷ್ಟೇ ಎದ್ದವಳಿಗೂ ಅದೇ.
'ಸ್ವಲ್ಪ ಸಾಕು' ಅನ್ನುವುದು ಹಬೆಯಲ್ಲಿ ಕೇಳಿಸುವುದಿಲ್ಲ.
ಗುತ್ತಿಗೆಯ ಕಾಗದದಲ್ಲಿ ಇನ್ನೂರ ಐವತ್ತು ಗ್ರಾಂ ಎಂದಿದೆ,
ಗುಳಿ ಖಾಲಿ ಕಂಡರೆ ಮೇಲ್ವಿಚಾರಕ ಗದರುತ್ತಾನೆ.
ತಟ್ಟೆಗೆ ಅಳತೆ ಉಂಟು;
ಹೊಟ್ಟೆಯನ್ನು ಕೇಳಿದವರಿಲ್ಲ.

ಒಂಬತ್ತನೆಯ ದಿನ ಬಾಗಿಲಲ್ಲಿ ಗಲಾಟೆ.
ಕಾರ್ಸ್ ಕಡೆಯ ಹುಡುಗ, ಯಾಲ್ಚಿನ್.
ಚೀಲದಲ್ಲಿ ಐದು ಬ್ರೆಡ್ಡು, ಎರಡು ಮೊಸರಿನ ಡಬ್ಬಿ,
ಬೇರೆಯವರು ಬಿಟ್ಟೆದ್ದದ್ದು, ಯಾರೂ ಎಂಜಲು ಮಾಡದ್ದು.
ಹೊರಗೆ ಒಯ್ಯುವಂತಿಲ್ಲ.
ಕಾವಲಿನವ ಚೀಲ ಬಿಚ್ಚಿಸಿ
ಒಂದೊಂದನ್ನೇ ಮೇಜಿನ ಮೇಲೆ ಇಡಿಸಿದ, ಎಲ್ಲರೆದುರು.
ಅದೇ ಹೊತ್ತಿಗೆ ಅವನ ಬೆನ್ನ ಹಿಂದೆ
ನಲವತ್ತು ತಟ್ಟೆ ತೊಟ್ಟಿಗೆ ಸುರಿದವು.
ಅವರನ್ನು ಯಾರೂ ತಡೆಯಲಿಲ್ಲ.
ನಾನು ತೂಗಿದೆ.
ತೂಗುವುದಲ್ಲದೆ ನನಗೇನು ಬರುತ್ತಿತ್ತು.

ದೊಂದು ಕೈಗವಸು ಕಳಚಿ ಹೊರಗೆ ಬಂದಳು.
ಎಷ್ಟು ಗಿಡ್ಡ ಅವಳು!
ಒಳಗೆ ಹಲಗೆಯ ಮೇಲೆ ನಿಲ್ಲುತ್ತಿದ್ದಳೆಂದು
ಅಂದೇ ನನಗೆ ತಿಳಿದದ್ದು.
ಮೇಜಿನಿಂದ ಬ್ರೆಡ್ಡು ಎತ್ತಿ
ತುಟಿಗೊತ್ತಿ, ಹಣೆಗೊತ್ತಿ, ಹುಡುಗನ ಚೀಲಕ್ಕೆ ಹಾಕಿದಳು.
ಐದು ಸಲ. ಅವಸರವಿಲ್ಲದೆ.
ನಾಲ್ಕನೆಯದರ ಹೊತ್ತಿಗೆ ಇಡೀ ಸಾಲು ಸುಮ್ಮನಾಗಿತ್ತು.

ಮರುದಿನ ಕಿಟಕಿಯ ಪಕ್ಕ ಒಂದು ಹಳೇ ಕಪಾಟು,
ಯಾರು ತಂದರೋ, ಫಲಕವಿಲ್ಲ, ಬೀಗವಿಲ್ಲ.
ಮುಚ್ಚಳ ತೆರೆಯದ ಮೊಸರು, ಕೈ ತಾಗದ ಬ್ರೆಡ್ಡು ಅದರೊಳಗೆ,
ಸಂಜೆಯೊಳಗೆ ಖಾಲಿ.
ಯಾಲ್ಚಿನ್ ಒಂದು ವಾರ ಈ ಕಡೆ ಸುಳಿಯಲಿಲ್ಲ.
ಆಮೇಲೆ ಬಂದ, ಒಂದು ಕಿತ್ತಳೆ ಇಟ್ಟು ಹೋದ.
ಸಾತಿಲ್ಮಿಶ್ ಮಾವ ಈಗ ಸೌಟನ್ನು ಗಾಳಿಯಲ್ಲಿ ನಿಲ್ಲಿಸಿ
ಹುಬ್ಬು ಹಾರಿಸುತ್ತಾನೆ: ಎಷ್ಟು?
ಕಾಗದದಲ್ಲಿ ಇನ್ನೂ ಇನ್ನೂರ ಐವತ್ತೇ.

ಕೊನೆಯ ದಿನ: ಎಪ್ಪತ್ತೆರಡು.
ವರದಿಯಲ್ಲಿ 'ಕಾರಣ' ಅಂತ ಒಂದು ಕಾಲಮ್ಮು.
ಏನು ಬರೆಯಲಿ, ತುಟಿಯೇ? ಹಣೆಯೇ? ಹುಬ್ಬೇ?
ಖಾಲಿ ಬಿಟ್ಟು ಊಟಕ್ಕೆ ಕೂತೆ. ಮತ್ತೆ ಸೆಲರಿ ಗಡ್ಡೆ.
ಬೇಡ ಅನ್ನಲು ಮಾವನೆದುರು ನಾಚಿಕೆಯಾಗಿತ್ತು.
ಮೂರು ತುತ್ತಿಗೆ ಗಂಟಲು ಮುಚ್ಚಿತು.
ಉಳಿದದ್ದಕ್ಕೆ ಕರವಸ್ತ್ರ ಹೊದಿಸಿ
ಎತ್ತಲೋ ನೋಡುತ್ತ ಕಿಟಕಿಗೆ ಕೊಟ್ಟೆ.

ದೊಂದು ಕರವಸ್ತ್ರದ ತುದಿ ಎತ್ತಿದಳು.
"ಇದನ್ನೂ ತೂಗು," ಅಂದಳು.

ನೂರ ಮೂವತ್ತು ಗ್ರಾಂ.
ಬರೆದೆ.