ಬಾಕಿ

ರಾಯಚೂರು, ಕಾಟಿ ದರವಾಜದ ಒತ್ತಿಗೆ ನನ್ನ ಚಹಾದಂಗಡಿ.
ಗಲ್ಲಾದ ಮೇಲೆ ದಾರ ಕಟ್ಟಿದ ಕೆಂಪು ವಹಿ,
ಒಂದೇ ಶಬ್ದದ ಕೆಳಗೆ ಊರಿನ ಅರ್ಧ ಹೆಸರುಗಳು.
ಯಾವ ಕಂದಾಯದ ಚೀಲದಲ್ಲಿ ಬಂದಿತ್ತೋ ಅದು,
ನಮ್ಮಪ್ಪ ಅಚ್ಚ ಕನ್ನಡವೆಂದೇ ತಿಳಿದಿದ್ದ.

ಗದ್ವಾಲದ ಲಾರಿಯವನಿಗೆ ಅದು ಸಾಲ,
ಕೇಳಿದರೆ ಮುಖ ತಿರುವುತ್ತಾನೆ.
ಆಸ್ಪತ್ರೆಯ ನರ್ಸ್ ಶೈಜಾ ಮೊದಲ ದಿನ
ಐವತ್ತರ ನೋಟು ಕೊಟ್ಟು "ಬಾಕಿ?" ಅಂದಳು.
"ನಿಮ್ಮದೇನೂ ಇಲ್ರೀ" ಅಂದೆ.
ಕೈ ಚಾಚಿ ನಿಂತೇ ಇದ್ದಳು, ಚಿಲ್ಲರೆಗೆ.
ಸೊಲ್ಲಾಪುರದಿಂದ ಬಂದ ನಾದಿನಿಯ ಮಗ
ಕಳೆಯೋ ಲೆಕ್ಕಕ್ಕೇ ವಜಾಬಾಕಿ ಅಂತಾನೆ,
ಪಕ್ಕದ ಮನೆಯಿಂದ ದಶಕ ಕಡ ತಂದು.

ಗೋರಿಕಲ್ಲು ಕೆತ್ತುವ ಲಾಡ್ಲೆಸಾಬ
ಎಲ್ಲ ಕಲ್ಲಿನ ನೆತ್ತಿಗೂ ಒಂದೇ ಸಾಲು ಬಿಡಿಸುತ್ತಾನೆ.
ಏನದು ಅಂದೆ.
"ಹುವಲ್ ಬಾಖಿ."
"ಗೋರಿಗೂ ಉದ್ರಿ ಏನೋ?"
ನಕ್ಕ. ಮೀಸೆಯ ಕಲ್ಲುಪುಡಿ ಬಸಿಯೊಳಗೆ ಉದುರಿತು.
"ಎಲ್ಲಾ ಹೋದ ಮ್ಯಾಲೆ ಉಳಿಯಾಂವ,
ಅವನೊಬ್ಬನ ಹೆಸರದು.
ನೀ ಬರಿಯೋದು ಹೋಗೋರದು."

ಅವನ ಬಾಯಿಗೂ ಅದು ಸರಿ ಬರೋದಿಲ್ಲವಂತೆ.
ಖ ಅಲ್ಲ, ಕ ಅಲ್ಲ,
ಗಂಟಲ ತಳದಿಂದ ಏಳಬೇಕು,
ಬತ್ತಿದ ಬಾವಿಗೆ ಕೊಡ ತಾಗಿದ ಹಾಗೆ.
ಮಸೀದಿಯ ಹಿರಿಯರು ಇನ್ನೂ ತಿದ್ದುತ್ತಾರೆ.

ರಾತ್ರಿ ಒಲೆ ಆರಿಸಿ ವಹಿ ತೆರೆದೆ.
ಲಾಡ್ಲೆಸಾಬ: ಏಳು ಚಹಾ, ಎರಡು ಖಾರಿ.
ಯಾರೂ ಇಲ್ಲದ್ದು ನೋಡಿ
ನಾನೂ ಇಳಿದೆ ಗಂಟಲ ತಳಕ್ಕೆ.
ಕೆಮ್ಮು ಬಂತು.
"ನೀರು ಕೊಡ್ಲೇನು?" ಅಂದಳು
ಒಳಗಿಂದ ಹಂಪಮ್ಮ.